ಲೇಡಿ ಡಾಕ್ಟರ್ ಓಡಿಸಿದ ಕಾರು

ಕಾರು ಕೊಳ್ಳುವುದೆಂದು ನಿರ್ಧಾರವಾದ ದಿನವೇ ಮನೆಯಲ್ಲಿ ಒಂದು ಸಮಿತಿ ರಚನೆಯಾಯಿತು. ಸದಸ್ಯರು ಇಬ್ಬರು. ಅಂಚೆ ಕಚೇರಿಯ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷ ಮೊಹರು ಒತ್ತಿದ ಗಂಡ ಒಬ್ಬ, ಹಾಸಿಗೆ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದ ಗಂಡನ ತಮ್ಮ ಇನ್ನೊಬ್ಬ. ಕಾರು ಬೇಕಾಗಿದ್ದವಳು, ಕಾರಿಗೆ ದುಡ್ಡು ಹಾಕುವವಳು, ಆ ಮನೆಯಲ್ಲಿ ನೆಟ್ಟಗೆ ಕಾರು ಓಡಿಸಲು ಬರುತ್ತಿದ್ದವಳು, ಈ ಮೂವರೂ ಒಬ್ಬಳೇ ಆಗಿದ್ದರಿಂದ ಅವಳನ್ನು ಸಮಿತಿಗೆ ಸೇರಿಸಿಕೊಳ್ಳಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಸಭೆ ನಡೆಯುವಾಗ ಚಹಾ ಮಾಡಿಕೊಡುವ ಜವಾಬ್ದಾರಿಯನ್ನು ಮಾತ್ರ ದೊಡ್ಡ ಮನಸ್ಸಿನಿಂದ ಅವಳಿಗೆ ಬಿಟ್ಟುಕೊಟ್ಟರು.

ಬೀದಿಯ ಜನ ಅವಳನ್ನು ಹೊಲಿಗೆಯಕ್ಕ ಎಂದು ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಬೀದಿಗೆ ತೆರೆದ ಕಿಟಕಿ, ಕಿಟಕಿಗೆ ತಾಗಿಕೊಂಡಂತೆ ಮೂರು ಹೊಲಿಗೆ ಯಂತ್ರ, ಗೋಡೆಯ ಪಕ್ಕ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೇಜಿನ ಕೆಳಗೆ ಚಿಂದಿ ತುಂಬಿದ ಚೀಲಗಳು. ಎರಡು ಶಾಲೆಗಳ ಸಮವಸ್ತ್ರ ಅವಳ ಕೈಯಲ್ಲೇ ಆಗುತ್ತಿತ್ತು. ಈಚೆಗೆ ಒಂದು ಹೋಟೆಲಿನ ಕಿಟಕಿ ಪರದೆಗಳೂ ಸೇರಿಕೊಂಡಿದ್ದವು. ಪರದೆ ಹೊಲಿಯುವುದೇನೋ ಸುಲಭ, ಹೊತ್ತು ಮುಟ್ಟಿಸುವುದು ಕಷ್ಟ. ಪ್ರತಿ ಸಲವೂ ಬಾಡಿಗೆ ಗಾಡಿಯವನ ಮುಂದೆ ನಿಂತು ಗಂಟು ಎಷ್ಟು ದೊಡ್ಡದು ಎಂಬ ಬಗ್ಗೆ ವಾದ ಮಾಡಿ ಮಾಡಿ ಅವಳಿಗೆ ಸಾಕಾಗಿಹೋಗಿತ್ತು.

ಅವಳ ಅಪ್ಪ ಬೇಕರಿಯೊಂದರ ವ್ಯಾನು ಓಡಿಸುತ್ತಿದ್ದರು. ಹತ್ತೊಂಬತ್ತರ ವಯಸ್ಸಿಗೇ ಮಗಳಿಗೆ ವ್ಯಾನು ಓಡಿಸಲು ಕಲಿಸಿ, ಲೈಸೆನ್ಸ್ ಮಾಡಿಸಿಕೊಟ್ಟಿದ್ದರು. ಭಾನುವಾರ ಅಪ್ಪ ವ್ಯಾನಿನ ಕೆಳಗೆ ಮಲಗಿದರೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹನ್ನೆರಡರ ಸ್ಪ್ಯಾನರು, ಹದಿನಾಲ್ಕರ ಸ್ಪ್ಯಾನರು ಎಂದು ಎತ್ತಿ ಕೊಟ್ಟವಳು ಅವಳು. ಇದನ್ನು ಗಂಡನ ಮನೆಯಲ್ಲಿ ಯಾರೂ ತಿಳಿವಳಿಕೆ ಎಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಮೈದುನ ಮಾತ್ರ ಕಾರಿನ ವಿಷಯದಲ್ಲಿ ಪಂಡಿತ. ಅವನ ಬಳಿ ಕಾರು ಇರಲಿಲ್ಲ ನಿಜ. ಆದರೆ ಮಲಗುವ ಮುನ್ನ ಮೊಬೈಲಿನಲ್ಲಿ ಕಾರಿನ ವೀಡಿಯೊ ನೋಡದ ದಿನವೂ ಇರಲಿಲ್ಲ.

ಸಮಿತಿ ಮೂರು ವಾರ ಚರ್ಚೆ ಮಾಡಿತು. ಹೊಸ ಕಾರು ಕೊಂಡರೆ ಷೋರೂಮಿನಿಂದ ಹೊರಗೆ ತರುವಷ್ಟರಲ್ಲೇ ಬೆಲೆ ಬಿದ್ದುಹೋಗುತ್ತದೆ, ಬುದ್ಧಿವಂತರು ಕೊಳ್ಳುವುದು ಹಳೆಯ ಕಾರನ್ನೇ ಎಂದು ಮೈದುನ ತೀರ್ಪು ಕೊಟ್ಟ. ಹೊಸ ಕಾರಿಗೆ ಬೇಕಾದಷ್ಟು ದುಡ್ಡು ಹೇಗೂ ಇರಲಿಲ್ಲವಾದ್ದರಿಂದ ಬುದ್ಧಿವಂತರಾಗುವುದಕ್ಕೆ ಯಾರ ಅಭ್ಯಂತರವೂ ಬರಲಿಲ್ಲ.

ಹಳೆ ಕಾರು ಮಾರುವ ಜಾಗ ಊರ ಹೊರಗಿನ ದೊಡ್ಡ ರಸ್ತೆಯಲ್ಲಿತ್ತು. ತಂತಿಬೇಲಿಯ ಒಳಗೆ ಜಲ್ಲಿ ಹಾಸಿದ ಬಯಲು, ಬಯಲಿನ ತುಂಬ ತೊಳೆದು ಒರೆಸಿ ಮುಖ ತೋರಿಸಲು ನಿಲ್ಲಿಸಿದ ಕಾರುಗಳು, ಮೂಲೆಯಲ್ಲಿ ತಗಡಿನ ಕೋಣೆ. ಕೋಣೆಯಿಂದ ಇಸ್ತ್ರಿ ಮಾಡಿದ ಅಂಗಿಯ ದಲ್ಲಾಳಿಯೊಬ್ಬ ಎರಡೂ ಕೈ ಚಾಚಿಕೊಂಡು ಬಂದ. ಹುಟ್ಟಿದಾಗಿನಿಂದ ಇವರಿಗೋಸ್ಕರವೇ ಕಾದು ಕೂತಿದ್ದವನ ಹಾಗೆ ಇತ್ತು ಆ ನಗು.

"ಸಾರ್, ನಿಮ್ಮ ಅದೃಷ್ಟ ನೋಡಿ. ಬೆಳಿಗ್ಗೆ ತಾನೇ ಬಂದಿದೆ ಈ ಗಾಡಿ. ಒಂದೇ ಕೈ, ಒಬ್ಬರೇ ಓನರ್. ಲೇಡಿ ಡಾಕ್ಟರ್ ಓಡಿಸಿದ್ದು. ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ, ಅಷ್ಟೇ. ನಡುವೆ ಒಂದು ಸಲ ಹಾರನ್ ಕೂಡ ಹೊಡೆದವರಲ್ಲ."

ಕಡುಗೆಂಪು ಬಣ್ಣದ ಕಾರು ಫಳಫಳ ಹೊಳೆಯುತ್ತಿತ್ತು. ಮೀಟರಿನಲ್ಲಿ ನಲವತ್ತೊಂದು ಸಾವಿರ ಕಿಲೋಮೀಟರು. ಮೈದುನ ಕಾರಿಗೆ ಒಂದು ಸುತ್ತು ಬಂದು ನಾಲ್ಕೂ ಟೈರಿಗೆ ಒಂದೊಂದು ಒದೆ ಕೊಟ್ಟ. ಟೈರುಗಳು ಏನೂ ಹೇಳಲಿಲ್ಲ. ಬಾನೆಟ್ ಎತ್ತಿಸಿ, ಎಂಜಿನ್ ಶುರು ಮಾಡಿಸಿ, ಕಣ್ಣು ಅರ್ಧ ಮುಚ್ಚಿ ತಲೆ ವಾಲಿಸಿ ಕೇಳಿಸಿಕೊಂಡ. ಗಂಡನೂ ಕೈ ಹಿಂದಕ್ಕೆ ಕಟ್ಟಿಕೊಂಡು ಎಂಜಿನ್ನನ್ನು ದಿಟ್ಟಿಸಿದ. ಅದರಲ್ಲಿ ಅವನಿಗೆ ಗುರುತು ಸಿಕ್ಕಿದ್ದು ಬ್ಯಾಟರಿ ಒಂದೇ. ಅದು ಇದ್ದದ್ದು ನೋಡಿ ಸಮಾಧಾನವಾಯಿತು.

ಅಷ್ಟರಲ್ಲಿ ಹೊಲಿಗೆಯಕ್ಕ ಡ್ರೈವರ್ ಸೀಟಿನಲ್ಲಿ ಕೂತಿದ್ದಳು. ಕ್ಲಚ್ ಪೆಡಲಿನ ರಬ್ಬರು ಹತ್ತು ವರ್ಷ ಮೆಟ್ಟಿದ ಚಪ್ಪಲಿಯ ಹಿಮ್ಮಡಿಯಂತೆ ಸವೆದು ಕಬ್ಬಿಣ ಕಾಣುತ್ತಿತ್ತು. ಬಾಗಿಲ ಸಂದಿಯಲ್ಲಿ ಕೆಂಪಿನ ಅಡಿಯಿಂದ ಬಿಳಿ ಇಣುಕುತ್ತಿತ್ತು. ಸೀಟಿನ ಹೊದಿಕೆಯಂತೂ ಅವಳ ಕಣ್ಣಿಗೆ ಕೂಡಲೇ ಬಿತ್ತು. ಅದು ಕಾರ್ಖಾನೆಯ ಹೊಲಿಗೆ ಅಲ್ಲವೇ ಅಲ್ಲ. ಯಾರೋ ಅವಸರದಲ್ಲಿ, ಅಗ್ಗದ ನೂಲಿನಲ್ಲಿ, ಗುತ್ತಿಗೆ ಲೆಕ್ಕದಲ್ಲಿ ಹೊಲಿದು ಬಿಸಾಕಿದ್ದು. ಎಡಗಡೆಯ ಸೀಟಿನ ಮುಂದೆ ಕಾಲೊರಸು ಎತ್ತಿದರೆ ನೆಲದಲ್ಲಿ ಎರಡು ತೂತು, ತೂತಿಗೆ ರಬ್ಬರಿನ ಬಿರಡೆ.

"ಇದೇನು ತೂತು?" ಎಂದಳು.

"ನೀರು ಬಿದ್ರೆ ಹರಿದು ಹೋಗೋಕೆ ಮೇಡಂ. ಕಂಪನಿಯವರೇ ಬಿಟ್ಟಿರೋದು."

"ಮತ್ತೆ ಈ ಬಿಳಿ ಬಣ್ಣ?"

"ಪ್ರೈಮರ್ ಮೇಡಂ. ಒಳಗಡೆ ಬಿಳಿ ಇದ್ರೇನೇ ಹೊರಗಡೆ ಕೆಂಪು ನಿಲ್ಲೋದು."

"ಪೆಡಲು ಇಷ್ಟು ಸವೆದಿದೆಯಲ್ಲ? ನಲವತ್ತು ಸಾವಿರಕ್ಕೆ ಇಷ್ಟು ಸವೆಯುತ್ತಾ?"

ದಲ್ಲಾಳಿ ಉತ್ತರ ಹುಡುಕುವ ಮೊದಲೇ ಮೈದುನ ಅವನ ನೆರವಿಗೆ ಧಾವಿಸಿದ. "ಅತ್ತಿಗೆ, ಇದು ಬಟ್ಟೆ ಅಲ್ಲ, ಕಾರು. ಹೊಲಿಗೆ ನೋಡಿ ಕೊಳ್ಳೋದಲ್ಲ. ಲೇಡಿ ಡಾಕ್ಟರ್ ಅಂದ್ರೆ ಹೈ ಹೀಲ್ಸ್ ಹಾಕಿರ್ತಾರೆ. ರಬ್ಬರ್ ಸವೆಯದೆ ಇನ್ನೇನು?"

ದಲ್ಲಾಳಿ ಮೈದುನನ ಕಡೆ ಕೃತಜ್ಞತೆಯಿಂದ ನೋಡಿದ. ಇಷ್ಟು ವರ್ಷದ ವ್ಯಾಪಾರದಲ್ಲಿ ಈ ಉತ್ತರ ಅವನಿಗೇ ಹೊಳೆದಿರಲಿಲ್ಲ. ಮುಂದೆ ಉಪಯೋಗಕ್ಕೆ ಬರುತ್ತದೆ ಎಂದು ಮನಸ್ಸಿನಲ್ಲೇ ಬರೆದುಕೊಂಡಿರಬೇಕು.

ಕಾಗದಪತ್ರದಲ್ಲಿ ಹಿಂದಿನ ಮಾಲೀಕರ ಜಾಗದಲ್ಲಿ ಹೆಂಗಸಿನ ಹೆಸರೇ ಇತ್ತು. ಸಮಿತಿಗೆ ಅಷ್ಟು ಸಾಕಾಯಿತು. ಹೊಲಿಗೆಯಕ್ಕನಿಗೆ ಇನ್ನೂ ನಾಲ್ಕು ಮಾತು ಆಡಬೇಕೆಂದಿತ್ತು. ಆದರೆ ಅಪರಿಚಿತನ ಎದುರಿಗೆ ಗಂಡನ ಮಾತು ಕಡಿಮೆ ಮಾಡುವುದು ಬೇಡ ಎಂದುಕೊಂಡು ಬಾಯಿ ಮುಚ್ಚಿಕೊಂಡಳು. ಆಮೇಲೆ ಆ ಒಂದು ನಿಮಿಷವನ್ನು ನೆನೆದು ಅವಳು ತನ್ನನ್ನೇ ಬೈದುಕೊಂಡಷ್ಟು ಬೇರೆ ಯಾರನ್ನೂ ಬೈದುಕೊಳ್ಳಲಿಲ್ಲ.

ಕಾರು ಹನ್ನೊಂದು ದಿನ ಚೆನ್ನಾಗಿ ಓಡಿತು. ಹನ್ನೆರಡನೆಯ ದಿನ ಹೋಟೆಲಿನ ಮುಂದೆ, ಇಪ್ಪತ್ತಾರು ಪರದೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು, ಕೈ ಕೊಟ್ಟಿತು. ಅಲ್ಲಿಂದ ಶುರುವಾದದ್ದು ಗ್ಯಾರೇಜಿನ ಅಧ್ಯಾಯ.

ಗ್ಯಾರೇಜು ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿತ್ತು. ಯಜಮಾನನೂ ಅವನೇ, ಮೆಕ್ಯಾನಿಕ್ಕೂ ಅವನೇ. ಊರೆಲ್ಲ ಅವನನ್ನು ಪ್ರೊಫೆಸರ್ ಎನ್ನುತ್ತಿತ್ತು. ಕಾರಿಗೆ ಏನಾಗಿದೆ ಎಂದು ಕೇಳಿದರೆ ಅವನು ಒಂದು ಮಾತಿನಲ್ಲಿ ಹೇಳಿದ ಇತಿಹಾಸವಿಲ್ಲ. ಎಣ್ಣೆ ಕೈಯನ್ನು ಚಿಂದಿಗೆ ಒರೆಸಿಕೊಂಡು, ಬಾನೆಟ್ಟಿಗೆ ಒರಗಿ, "ನೋಡಿ ಸಾರ್, ಎಂಜಿನ್ ಅನ್ನೋದು ನಮ್ಮ ದೇಹ ಇದ್ದ ಹಾಗೆ" ಎಂದು ಶುರುಮಾಡಿದರೆ ಶ್ವಾಸಕೋಶ, ಹೃದಯ, ಮೂತ್ರಪಿಂಡಗಳನ್ನೆಲ್ಲ ದಾಟಿ ರೇಡಿಯೇಟರಿಗೆ ಬರುವಷ್ಟರಲ್ಲಿ ಕೇಳುವವನ ಕೈ ತಾನಾಗಿಯೇ ಜೇಬಿಗೆ ಹೋಗಿರುತ್ತಿತ್ತು. ಗಂಡನಿಗೆ ಈ ಉಪನ್ಯಾಸ ತುಂಬ ಹಿಡಿಸಿತು. ಮನೆಗೆ ಬಂದು ಹೆಂಡತಿಗೆ ಅದನ್ನೇ ತಪ್ಪುತಪ್ಪಾಗಿ ಒಪ್ಪಿಸುತ್ತಿದ್ದ.

ಮೊದಲು ಕ್ಲಚ್ ಪ್ಲೇಟು ಹೋಯಿತು. ಆಮೇಲೆ ರೇಡಿಯೇಟರು. ಒಂದು ತಿಂಗಳು ಬಿಟ್ಟು ಬ್ಯಾಟರಿ ಹೋಯಿತು. ಬ್ಯಾಟರಿ ಬದಲಾಯಿಸಿದ ಮೇಲೆ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರೇ ಸತ್ತಿದೆ, ಪಾಪದ ಬ್ಯಾಟರಿಯನ್ನು ಸುಮ್ಮನೆ ಬಲಿ ಕೊಟ್ಟೆವು ಎಂದು ಪ್ರೊಫೆಸರ್ ವಿಷಾದ ಪಟ್ಟ. ವಿಷಾದಕ್ಕೆ ಮಾತ್ರ ಬಿಲ್ಲು ಹಾಕಲಿಲ್ಲ. ಹೊಲಿಗೆಯಕ್ಕ ಎಲ್ಲವನ್ನೂ ಸಮವಸ್ತ್ರದ ಲೆಕ್ಕದಲ್ಲಿ ಅಳೆಯುತ್ತಿದ್ದಳು. ಕ್ಲಚ್ಚೆಂದರೆ ಅರವತ್ತು ಅಂಗಿ. ರೇಡಿಯೇಟರೆಂದರೆ ನಲವತ್ತು ನಿಕ್ಕರು. ಆಲ್ಟರ್ನೇಟರಿಗೆ ಒಂದು ತರಗತಿಯ ಅಷ್ಟೂ ಮಕ್ಕಳಿಗೆ ಬಟ್ಟೆ ತೊಡಿಸಬಹುದಿತ್ತು. ಕಾರು ಬಂದದ್ದು ಅವಳ ದುಡಿಮೆಗೆ ಸಹಾಯವಾಗಲೆಂದು. ಈಗ ಅವಳು ದುಡಿಯುತ್ತಿದ್ದದ್ದೇ ಕಾರಿಗೋಸ್ಕರ.

"ಅಣ್ಣಾ, ಹಳೇ ಗಾಡಿ ಅಂದ್ಮೇಲೆ ಸ್ವಲ್ಪ ಖರ್ಚು ಬರುತ್ತೆ. ಒಂದು ಸಲ ಎಲ್ಲಾ ಮಾಡಿಸಿಬಿಟ್ರೆ ಇನ್ನು ಹತ್ತು ವರ್ಷ ತಿರುಗಿ ನೋಡೋ ಹಾಗಿಲ್ಲ" ಎಂದು ಮೈದುನ ಭಾನುವಾರದ ಊಟಕ್ಕೆ ಬಂದಾಗಲೆಲ್ಲ ಧೈರ್ಯ ತುಂಬುತ್ತಿದ್ದ. ಧೈರ್ಯಕ್ಕೆ ಅವನ ಬಳಿ ಯಾವತ್ತೂ ಕೊರತೆ ಇರಲಿಲ್ಲ, ಯಾಕೆಂದರೆ ಅವನ ಕಡೆಯಿಂದ ಖರ್ಚಾಗುತ್ತಿದ್ದದ್ದು ಅದೊಂದೇ.

ಹೊಸ ಆಲ್ಟರ್ನೇಟರ್ ಹಾಕಿಸಿ ಎರಡು ತಿಂಗಳೂ ತುಂಬಿರಲಿಲ್ಲ, ಮೀಟರಿನ ಪಕ್ಕ ಮತ್ತೆ ಬ್ಯಾಟರಿಯ ಕೆಂಪು ದೀಪ ಹತ್ತಿತು. ಹೊಲಿಗೆಯಕ್ಕ ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿ ಅದರೊಳಗೇ ಕೂತು ಲೆಕ್ಕ ಹಾಕಿದಳು. ಅಪ್ಪನ ವ್ಯಾನು ಇಪ್ಪತ್ತು ವರ್ಷ ಓಡಿತ್ತು. ಅದರ ಆಲ್ಟರ್ನೇಟರನ್ನು ಅಪ್ಪ ಬದಲಾಯಿಸಿದ್ದು ಒಂದೇ ಸಲ, ಅದೂ ಅವಳ ಕಣ್ಣೆದುರಿಗೆ. ಎಲ್ಲೋ ಏನೋ ಹೊಂದಿಕೆಯಾಗುತ್ತಿಲ್ಲ. ಒಳಗೆ ಹೋದಳು. ಮೂರು ಯಂತ್ರಗಳ, ಕೆಳನೂಲಿನ ಉರುಳೆ ಕೂರುವ ಬಾಬಿನ್ ಕೇಸುಗಳು ಒಂದಕ್ಕೊಂದು ಅದಲುಬದಲಾಗದಿರಲಿ ಎಂದು ಅವಳು ಒಂದೊಂದಕ್ಕೆ ಒಂದೊಂದು ಬಣ್ಣದ ಉಗುರು ಬಣ್ಣದಿಂದ ಚುಕ್ಕಿ ಇಟ್ಟಿದ್ದಳು. ಆ ಮೂರು ಶೀಶೆಗಳಲ್ಲಿ ನೇರಳೆ ಬಣ್ಣದ್ದನ್ನು ಎತ್ತಿಕೊಂಡಳು. ಗಂಡ ಕಚೇರಿಯಿಂದ ಬರುವಷ್ಟರಲ್ಲಿ ಬಾನೆಟ್ ತೆರೆದು, ಕೈ ಎಟುಕಿದಲ್ಲೆಲ್ಲ, ಯಾರ ಕಣ್ಣಿಗೂ ಬೀಳದಂತೆ ಮಗ್ಗುಲಲ್ಲಿ, ಸಾಸಿವೆ ಕಾಳಿನ ಗಾತ್ರದ ಚುಕ್ಕಿಗಳನ್ನು ಇಟ್ಟಳು. ಆಲ್ಟರ್ನೇಟರಿನ ಅಡಿಭಾಗದಲ್ಲಿ ಒಂದು, ಸ್ಟಾರ್ಟರ್ ಮೋಟರಿಗೆ ಒಂದು, ರೇಡಿಯೇಟರಿಗೆ ಒಂದು. ಆರಲು ಬಿಟ್ಟು, ಬಾನೆಟ್ ಮುಚ್ಚಿ, ಅಕ್ಕಿ ತೊಳೆಯಲು ಹೋದಳು.

ಮರುದಿನ ಗಂಡ ಕಾರನ್ನು ಗ್ಯಾರೇಜಿಗೆ ಬಿಟ್ಟುಬಂದ. "ಮತ್ತೆ ಆಲ್ಟರ್ನೇಟರೇ ಅಂತೆ ಕಣೇ. ಹೋದ ಸಲದ್ದು ಲಾಟೇ ಸರಿ ಇರಲಿಲ್ವಂತೆ. ಈ ಸಲ ಒರಿಜಿನಲ್ ತರಿಸಿ ಹಾಕ್ತಾರಂತೆ" ಎಂದ. ಮೂರು ದಿನದ ನಂತರ ಕಾರು ರೆಡಿ ಎಂದು ಫೋನು ಬಂದಾಗ ಅವನಿಗೆ ನೆಗಡಿ ಹಿಡಿದಿತ್ತು.

"ರೀ, ನೀವು ಮಲಗಿ. ನಾನೇ ಹೋಗಿ ತರ್ತೀನಿ" ಎಂದಳು ಹೊಲಿಗೆಯಕ್ಕ.

ಗ್ಯಾರೇಜಿನಲ್ಲಿ ಅಂದು ಇನ್ನೂ ಮೂರು ನಾಲ್ಕು ಗಿರಾಕಿಗಳಿದ್ದರು. ಹರಿದ ಬಸ್ ಸೀಟಿನ ಬೆಂಚಿನ ಮೇಲೆ ಕೂತು ತಮ್ಮ ತಮ್ಮ ಕಾರುಗಳ ಮೂತ್ರಪಿಂಡಗಳ ಬಗ್ಗೆ ಚಿಂತೆ ಮಾಡುತ್ತಿದ್ದರು. ಪ್ರೊಫೆಸರ್ ಬಿಲ್ಲು ಕೊಟ್ಟ. ಅವಳು ಬಿಲ್ಲನ್ನು ಓದಿದಳು, ಮಡಿಸಿದಳು, "ಬಾನೆಟ್ ತೆಗೀರಿ" ಎಂದಳು.

"ಯಾಕೆ ಮೇಡಂ? ಎಲ್ಲಾ ಪರ್ಫೆಕ್ಟ್ ಆಗಿದೆ. ಸಾರ್ ಬಂದಿಲ್ವಾ?"

"ಸಾರ್‌ಗೆ ನೆಗಡಿ. ತೆಗೀರಿ."

ತೆಗೆದ. ಆಲ್ಟರ್ನೇಟರ್ ಥಳಥಳಿಸುತ್ತಿತ್ತು. ಚೆನ್ನಾಗಿ ಉಜ್ಜಿ ಒರೆಸಿದ್ದ. ಅವಳು ಚೀಲದಿಂದ ಟಾರ್ಚು ತೆಗೆದು ಬಗ್ಗಿ ಅಡಿಭಾಗಕ್ಕೆ ಬೆಳಕು ಬಿಟ್ಟಳು. ನೇರಳೆ ಚುಕ್ಕಿ ಇದ್ದಲ್ಲೇ ಕ್ಷೇಮವಾಗಿತ್ತು.

"ಇದು ಹೊಸದಾ?"

"ಸೀಲ್ ಒಡೆದು ಹಾಕಿದ್ದು ಮೇಡಂ. ನನ್ನ ಕೈಯಾರೆ."

"ಇಲ್ಲೊಂದು ನೇರಳೆ ಚುಕ್ಕಿ ಇದೆಯಲ್ಲ?"

ಪ್ರೊಫೆಸರ್ ಬಗ್ಗಿ ನೋಡಿದ. ಒಂದು ಕ್ಷಣವೂ ತಡವರಿಸಲಿಲ್ಲ. ಆ ಮಟ್ಟಿಗೆ ಅವನು ನಿಜವಾಗಿಯೂ ವಿದ್ವಾಂಸ. "ಅದು ಫ್ಯಾಕ್ಟರಿ ಮಾರ್ಕ್ ಮೇಡಂ. ಕ್ವಾಲಿಟಿ ಚೆಕ್ ಆದ್ಮೇಲೆ ಹಾಕ್ತಾರೆ. ಒರಿಜಿನಲ್ ಅನ್ನೋದಕ್ಕೆ ಅದೇ ಗುರುತು. ಡೂಪ್ಲಿಕೇಟ್‌ನಲ್ಲಿ ಈ ಚುಕ್ಕಿ ಇರೋದೇ ಇಲ್ಲ."

ಬೆಂಚಿನ ಮೇಲಿದ್ದವರು ಹೌದೆಂದು ತಲೆಯಾಡಿಸಿದರು. ಒಬ್ಬರಂತೂ ತಮ್ಮ ಕಾರಿನಲ್ಲೂ ಚುಕ್ಕಿ ಇದೆಯೇ ನೋಡಬೇಕು ಎಂದು ಎದ್ದು ನಿಂತರು.

ಹೊಲಿಗೆಯಕ್ಕ ಚೀಲದಿಂದ ಶೀಶೆ ತೆಗೆದಳು. ಮುಚ್ಚಳ ತಿರುಗಿಸಿದಳು. ಹಳೆಯ ಚುಕ್ಕಿಯ ಪಕ್ಕದಲ್ಲೇ ಹೊಸದೊಂದು ಚುಕ್ಕಿ ಇಟ್ಟಳು. ಆಮೇಲೆ ಪ್ರೊಫೆಸರನ ಹೆಬ್ಬೆರಳಿನ ಉಗುರಿನ ಮೇಲೂ ಒಂದು ಇಟ್ಟಳು. ಅವನು ಕೈ ಹಿಂದಕ್ಕೆ ಎಳೆದುಕೊಳ್ಳುವುದನ್ನೂ ಮರೆತು ನಿಂತಿದ್ದ.

"ಈಗ ನೀವೂ ಒರಿಜಿನಲ್" ಎಂದಳು.

ಎದ್ದು ನಿಂತಿದ್ದವರು ಕೂತರು. ಬೆಂಚಿನಿಂದ ಯಾರೋ ಕಿಸಕ್ಕನೆ ನಕ್ಕರು. ಪ್ರೊಫೆಸರನ ಮುಖ ಮೊದಲು ಬಿಳಿಚಿಕೊಂಡಿತು, ಆಮೇಲೆ ಕೆಂಪಾಯಿತು. "ಕೆಲಸದವರು ತಪ್ಪು ಮಾಡಿರ್ಬೇಕು ಮೇಡಂ" ಎಂದ. ಗ್ಯಾರೇಜಿನಲ್ಲಿ ಅವನನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಕೆಲಸಕ್ಕಿರಲಿಲ್ಲ. ಅದು ಅವನಿಗೂ ನೆನಪಾಯಿತು.

"ಹಾಗಾದ್ರೆ ಏನು ಮಾಡಿದ್ರಿ ಇದಕ್ಕೆ? ನಿಜ ಹೇಳಿ, ನಿಜವಾಗಿ ಮಾಡಿದ ಕೆಲಸಕ್ಕೆ ದುಡ್ಡು ಕೊಡ್ತೀನಿ."

"ಆಲ್ಟರ್ನೇಟರ್ ತಿರುಗಿಸೋ ಬೆಲ್ಟ್ ಸಡಿಲ ಆಗಿತ್ತು. ಬಿಗಿ ಮಾಡಿದೆ." ಚಿಂದಿಯಿಂದ ಉಗುರಿನ ಚುಕ್ಕಿ ಒರೆಸಿಕೊಳ್ಳುತ್ತ ಹೇಳಿದ.

"ಹೋದ ಸಲ?"

"ಹೋದ ಸಲಾನೂ ಬೆಲ್ಟೇ."

ಅವಮಾನ ಆದವನಿಗೆ ಜೊತೆಗೆ ಇನ್ನೊಬ್ಬನನ್ನೂ ಎಳೆದುಕೊಳ್ಳುವ ಆಸೆ ಬರುತ್ತದೆ. ಪ್ರೊಫೆಸರಿಗೂ ಬಂತು. "ನನ್ನೊಬ್ಬನ್ನೇ ಹೀಗೆ ನಿಲ್ಲಿಸಿ ಕೇಳ್ತೀರಲ್ಲ, ಇದನ್ನ ನಿಮಗೆ ಮಾರಿದನಲ್ಲ, ಅವನನ್ನ ಕೇಳಿ! ಈ ಗಾಡಿ ನಲವತ್ತು ಸಾವಿರ ಓಡಿದ್ದಾ? ಎರಡು ಲಕ್ಷಕ್ಕೆ ಎಂಟೇ ಸಾವಿರ ಕಮ್ಮಿ ಇತ್ತು. ಮೀಟರ್ ಹಿಂದಕ್ಕೆ ತಿರುಗಿಸಿದ್ದು ಇದೇ ಜಾಗದಲ್ಲಿ."

"ಯಾರು ತಿರುಗಿಸಿದ್ದು?"

ಪ್ರೊಫೆಸರ್ ತಿರುಗಿ ಬಾನೆಟ್ ಮುಚ್ಚಿದ. ಬೆಂಚಿನವರೆಲ್ಲ ಕಿವಿ ನೆಟ್ಟಗೆ ಮಾಡಿದರು.

"ಲೇಡಿ ಡಾಕ್ಟರ್ ಓಡಿಸಿದ ಕಾರು ಅಂದ್ರಲ್ಲ ಅವರು?" ಎಂದಳು ಹೊಲಿಗೆಯಕ್ಕ.

"ಯಾವ ಡಾಕ್ಟರೂ ಇಲ್ಲ, ಕಾಂಪೌಂಡರೂ ಇಲ್ಲ. ರೈಲ್ವೆ ಗೇಟಿನ ಹತ್ರ ಡ್ರೈವಿಂಗ್ ಸ್ಕೂಲ್ ಇತ್ತಲ್ಲ, ಅವರ ಗಾಡಿ ಇದು. ಓನರ್ ಹೆಂಡತಿ ಹೆಸರಲ್ಲಿ ಇತ್ತು. ಆಗ ಬಿಳಿ ಬಣ್ಣ. ಈ ಊರಿನ ಅರ್ಧ ಜನ ಕ್ಲಚ್ ತುಳಿಯೋಕೆ ಕಲಿತಿದ್ದು ಇದರಲ್ಲೇ. ಮಾಸ್ತರಿಗೆ ಅಂತ ಎಡಗಡೆಗೂ ಪೆಡಲ್ ಇತ್ತು. ಅದರ ತೂತು ನಾನೇ ಮುಚ್ಚಿದ್ದು."

ಹೊಲಿಗೆಯಕ್ಕ ಬೆಲ್ಟ್ ಬಿಗಿ ಮಾಡಿದ್ದಕ್ಕೆ ನ್ಯಾಯವಾಗಿ ಆಗುವಷ್ಟು ದುಡ್ಡು ಎಣಿಸಿ ಕೊಟ್ಟಳು. ಹಿಂದೆ ತಿಂದದ್ದನ್ನು ಮುಂದಿನ ಕೆಲಸಗಳಲ್ಲಿ ವಜಾ ಹಾಕಿಕೊಳ್ಳಬೇಕೆಂದು ನಾಲ್ಕು ಜನರ ಎದುರಿಗೆ ಅವನ ಬಾಯಿಂದಲೇ ಹೇಳಿಸಿದಳು. ಕಾರು ಹತ್ತಿ ಮನೆಗೆ ಬಂದಳು. ಗೆದ್ದ ಖುಷಿ ಗಲ್ಲಿ ದಾಟುವವರೆಗೆ ಇತ್ತು. ಕಾರು ಕೊಂಡ ದಿನ ಸೀಟಿನ ಹೊಲಿಗೆ, ಪೆಡಲು, ತೂತು, ಬಿಳಿ ಬಣ್ಣ, ನಾಲ್ಕನ್ನೂ ನೋಡಿದ್ದಳು. ಮೂರನ್ನು ಬಾಯಿಬಿಟ್ಟು ಕೇಳಿಯೂ ಇದ್ದಳು. ಕೇಳಿದ ಮೇಲೂ ಹಿಂದೆ ಸರಿದು ನಿಂತಿದ್ದಳಲ್ಲ, ಅದು ಚುಚ್ಚುತ್ತಿತ್ತು. ಬದುಕಿದ್ದಿದ್ದರೆ ಅಪ್ಪ ಏನೂ ಅನ್ನುತ್ತಿರಲಿಲ್ಲ. ಹದಿನಾಲ್ಕರ ಸ್ಪ್ಯಾನರು ಕೇಳಿದರೆ ಹನ್ನೆರಡರದ್ದು ಕೊಟ್ಟಾಗ ಒಮ್ಮೆ ಮುಖ ನೋಡುತ್ತಿದ್ದರಲ್ಲ, ಹಾಗೆ ನೋಡುತ್ತಿದ್ದರು. ಅಷ್ಟೇ.

ಭಾನುವಾರ ಮೈದುನ ಊಟಕ್ಕೆ ಬಂದ. ಅವಳು ಅನ್ನ ಬಡಿಸುತ್ತ ಕೇಳಿದಳು, "ನೀನು ಡ್ರೈವಿಂಗ್ ಕಲಿತಿದ್ದು ಎಲ್ಲಪ್ಪ?"

"ರೈಲ್ವೆ ಗೇಟಿನ ಹತ್ರ ಸ್ಕೂಲ್ ಇತ್ತಲ್ಲ ಅತ್ತಿಗೆ, ಅಲ್ಲಿ. ಬಿಳಿ ಗಾಡಿ. ಆಹಾ, ಏನ್ ಗಾಡಿ ಅಂತೀರಿ! ನಲವತ್ತು ದಿನ ಓಡಿಸಿದ್ದೀನಿ. ಆ ಗಾಡಿ ಅಂದ್ರೆ ನನಗೊಂದು ಥರಾ ಸೆಂಟಿಮೆಂಟು. ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿದ್ರೂ ಗುರುತು ಹಿಡೀತೀನಿ."

"ಕಣ್ಣಿಗೆ ಬಟ್ಟೆ ಏನೂ ಬೇಡ. ಊಟ ಆದ್ಮೇಲೆ ಹೊರಗೆ ಹೋಗಿ ನೋಡು, ನಿಂತಿದೆ."

ಗಂಡನಿಗೆ ನಗು ತಡೆಯಲಾಗದೆ ತುತ್ತು ನೆತ್ತಿಗೆ ಹತ್ತಿತು. ಮೈದುನ ತಟ್ಟೆಯ ಅನ್ನ ಕಲಸುತ್ತ, "ಬಣ್ಣ ಬೇರೆ ಇತ್ತಲ್ಲ, ಅದಕ್ಕೇ" ಎಂದ. ಅವತ್ತು ಅವನು ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಆ ಮನೆಯ ಚರಿತ್ರೆಯಲ್ಲಿ ಅದೇ ಮೊದಲು.

ಮರುದಿನ ಮೂವರೂ ದಲ್ಲಾಳಿಯ ಬಳಿಗೆ ಹೋದರು. ದಲ್ಲಾಳಿ ಅದೇ ನಗುವಿನಿಂದ ಬರಮಾಡಿಕೊಂಡು, ಕಡತದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟ. ಗಾಡಿಯನ್ನು ಇದ್ದ ಸ್ಥಿತಿಯಲ್ಲೇ ಪರೀಕ್ಷಿಸಿ, ಒಪ್ಪಿ, ಕೊಂಡಿದ್ದೇನೆ, ಮುಂದೆ ಯಾವ ತಕರಾರೂ ಇಲ್ಲ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಕೆಳಗೆ ಗಂಡನ ಸಹಿ. ಕೌಂಟರಿಗೆ ಬಂದವರಿಗೆಲ್ಲ ದಿನಕ್ಕೆ ಐವತ್ತು ಸಲ "ಓದಿ ಸಹಿ ಮಾಡ್ರಿ, ಓದದೆ ಮಾಡಬೇಡಿ" ಎಂದು ರೇಗುವ ಮನುಷ್ಯನ ಸಹಿ ಅದು. ದುಂಡಗೆ, ಮುತ್ತು ಪೋಣಿಸಿದ ಹಾಗಿತ್ತು.

"ಮೀಟರ್ ತಿರುಗಿಸಿದ್ದಕ್ಕೂ ಇದ್ರಲ್ಲಿ ಒಪ್ಪಿಗೆ ಇದೆಯಾ?" ಎಂದಳು ಹೊಲಿಗೆಯಕ್ಕ.

"ಯಾವ ಮೀಟರ್ ಮೇಡಂ? ನನಗೆ ಬಂದಾಗ್ಲೇ ಹಾಗಿತ್ತು. ನಾನೂ ಮೋಸ ಹೋಗಿದ್ದೀನಿ" ಎಂದು ದಲ್ಲಾಳಿ ಎದೆಯ ಮೇಲೆ ಕೈ ಇಟ್ಟುಕೊಂಡ. ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ದೂರು ಕೊಡಬಹುದಿತ್ತು. ಆದರೆ ಬಾಯಿಮಾತು ಬಿಟ್ಟರೆ ಕೈಯಲ್ಲಿ ಸಾಕ್ಷಿಯಿರಲಿಲ್ಲ. ಪ್ರೊಫೆಸರ್ ತಾನು ಹಾಗೆ ಹೇಳಿಯೇ ಇಲ್ಲ ಎನ್ನುತ್ತಿದ್ದ.

ಹೋದದ್ದು ಹೋಯಿತು ಎಂದು ಗಂಡ ನಿಟ್ಟುಸಿರು ಬಿಟ್ಟ. ಹೊಲಿಗೆಯಕ್ಕ ಬಿಡಲಿಲ್ಲ. ಅಂದಿನಿಂದ ಕಾರಿಗೆ ಏನೇ ಆದರೂ ಗ್ಯಾರೇಜಿಗೆ ಹೋಗುವವಳು ಅವಳೇ. ಗುಂಡಿ ತೂರುವ ಕಾಜಾ ಹಾಕಬೇಕಾದ ಅಂಗಿಗಳ ಗಂಟು ಹಿಡಿದು, ಮಡಿಸುವ ಸ್ಟೂಲೊಂದನ್ನು ಒಯ್ದು, ಕಾರಿನ ಪಕ್ಕದಲ್ಲೇ ಹಾಕಿಕೊಂಡು ಕೂರುತ್ತಿದ್ದಳು. ಪ್ರೊಫೆಸರ್ ಒಂದು ಬೋಲ್ಟು ಬಿಚ್ಚಿದರೆ ಅವಳು ಒಂದು ಕಾಜಾ ಮುಗಿಸುತ್ತಿದ್ದಳು. ಮೊದಮೊದಲು ಅವನಿಗೆ ಮೈಮೇಲೆ ಮುಳ್ಳು ಎದ್ದಂತಾಗುತ್ತಿತ್ತು. "ಮೇಡಂ, ನೀವು ಹೀಗೆ ನೋಡ್ತಾ ಇದ್ರೆ ನನಗೆ ಕೈ ಓಡಲ್ಲ" ಎಂದ ಒಂದು ದಿನ.

"ಓಡದೇ ಇದ್ರೂ ಪರವಾಗಿಲ್ಲ. ಕಾರು ಓಡಿದ್ರೆ ಸಾಕು" ಎಂದಳು.

ತಿಂಗಳು ಕಳೆದಂತೆ ಅವನು ಅವಳಿಗೆ ಒಗ್ಗಿದ. ಉಪನ್ಯಾಸ ಬಿಟ್ಟು ಕೇಳಿದ್ದಕ್ಕೆ ಉತ್ತರ ಕೊಡತೊಡಗಿದ. ಸತ್ಯ ಹೇಳಿ ಅಭ್ಯಾಸ ತಪ್ಪಿದ್ದರಿಂದ ಮೊದಲು ಮಾತು ತೊದಲುತ್ತಿತ್ತು, ಅಷ್ಟೇ. ವಿಚಿತ್ರವೆಂದರೆ ಅವನು ಒಳ್ಳೆಯ ಮೆಕ್ಯಾನಿಕ್ಕೇ ಆಗಿದ್ದ. ಸರಿಯಾಗಿ ಕೆಲಸ ಮಾಡಿದರೆ ಕಾರು ಸರಿಹೋಗುತ್ತದೆ, ಸರಿಹೋದ ಕಾರು ಮತ್ತೆ ಬರುವುದಿಲ್ಲ ಎಂಬುದೊಂದೇ ಅವನಿಗಿದ್ದ ಕಷ್ಟ.

ಗ್ಯಾರೇಜಿನ ಬೆಂಚಿನ ಮೇಲಿದ್ದವರ ಪೈಕಿ ಯಾರು ಹಬ್ಬಿಸಿದರೋ, ಕಥೆ ಊರಲ್ಲಿ ತಿರುಗಿತು. ಮೊದಲು ಬಂದವರು ಅವಳು ಸಮವಸ್ತ್ರ ಹೊಲಿದುಕೊಡುತ್ತಿದ್ದ ಶಾಲೆಯ ಹೆಡ್‌ಮಿಸ್ಟ್ರೆಸ್ಸು. ಹಳೆಯ ಕಾರೊಂದನ್ನು ನೋಡಿದ್ದರು, ಮುಂಗಡ ಕೊಡುವ ಮೊದಲು ಒಮ್ಮೆ ಬಂದು ನೋಡಿ ಎಂದು ಕರೆದರು. ಹೊಲಿಗೆಯಕ್ಕ ಟಾರ್ಚು ಮತ್ತು ನೆಲಕ್ಕೆ ಬಿದ್ದ ಸೂಜಿ, ಗುಂಡುಪಿನ್ನು ಎತ್ತಲು ಇಟ್ಟುಕೊಂಡಿದ್ದ ಅಯಸ್ಕಾಂತವನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಅಯಸ್ಕಾಂತವನ್ನು ಬಾಗಿಲ ಮೇಲೆ ಆಡಿಸಿದಳು. ಅರ್ಧ ಬಾಗಿಲವರೆಗೆ ಕಚ್ಚಿಕೊಂಡದ್ದು ಆಮೇಲೆ ಜಾರಿ ಕೆಳಗೆ ಬಿತ್ತು. ಅಲ್ಲಿ ತಗಡು ಇರಲಿಲ್ಲ, ಪೇಂಟಿನ ಕೆಳಗೆ ಬರೀ ಪುಟ್ಟಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿದಳು. ಬುಡದಲ್ಲಿ ಕಾರ್ಖಾನೆಯ ಹೊಲಿಗೆ ಕಿತ್ತುಹೋಗಿದ್ದು, ಬೇರೆ ನೂಲಿನಲ್ಲಿ ಮತ್ತೆ ಹೊಲಿದಿದ್ದರು.

"ಈ ಗಾಡಿ ಜೋರಾಗಿ ಎಲ್ಲೋ ಗುದ್ದಿದೆ ಟೀಚರ್. ಈ ಬೆಲ್ಟು ಇನ್ನೊಂದು ಸಲ ನಿಮ್ಮನ್ನ ಹಿಡಿಯಲ್ಲ" ಎಂದಳು.

ಹೆಡ್‌ಮಿಸ್ಟ್ರೆಸ್ಸು ಅಲ್ಲಿಂದಲೇ ಹಿಂದಿರುಗಿದರು. ಮುಂದಿನ ವಾರ ಇನ್ನಿಬ್ಬರು ಬಂದರು. ಒಂದು ಕೋಟು ಹೊಲಿಯುವುದಕ್ಕೆ ಎಷ್ಟೋ, ಒಂದು ಕಾರು ನೋಡುವುದಕ್ಕೂ ಅಷ್ಟೇ ಎಂದು ಅವಳು ದರ ನಿಗದಿ ಮಾಡಿದಳು. ವರ್ಷ ಕಳೆಯುವಷ್ಟರಲ್ಲಿ ತಂತಿಬೇಲಿಯ ಗೇಟಿನಲ್ಲಿ ಅವಳ ಕೆಂಪು ಕಾರು ಕಂಡರೆ ದಲ್ಲಾಳಿಗೆ ಹೊಟ್ಟೆನೋವು ಬರತೊಡಗಿತು. ಒಂದು ದಿನ ಅವನೇ ಮನೆಗೆ ಬಂದು, ಕತ್ತರಿಸುವ ಮೇಜಿನ ತುದಿಗೆ ಕೂತು, ತನ್ನ ಗಾಡಿಗಳಿಗೆ "ಹೊಲಿಗೆಯಕ್ಕ ಪರೀಕ್ಷಿಸಿದ್ದು" ಎಂದು ಚೀಟಿ ಅಂಟಿಸಿಕೊಟ್ಟರೆ ಗಾಡಿಗಿಷ್ಟು ಎಂದು ಕೊಡುವುದಾಗಿ ಹೇಳಿದ. ನೋಡುವ ತೊಂದರೆಯನ್ನೂ ತೆಗೆದುಕೊಳ್ಳಬೇಕಿಲ್ಲ, ಚೀಟಿ ಮಾತ್ರ ಸಾಕು ಎಂದ.

"ಲೇಡಿ ಡಾಕ್ಟರ್ ಏನಾದ್ರು?" ಎಂದಳು ಅವಳು, ಯಂತ್ರದಿಂದ ಕಣ್ಣೆತ್ತದೆ.

ಅವನು ಬಂದ ದಾರಿ ಹಿಡಿದ.

ಮನೆಯ ಸಮಿತಿಯೂ ತನ್ನ ನಿಲುವು ಬದಲಾಯಿಸಿಕೊಂಡಿತು. ಕಾರಿನ ವಿಷಯ ಬಂದರೆ ಗಂಡ ಈಗ "ನಾವು ಅಯಸ್ಕಾಂತ ಇಟ್ಟು ನೋಡ್ತೀವಿ" ಎನ್ನುತ್ತಾನೆ. ಮೈದುನನಂತೂ ಹಾಸಿಗೆ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ, ಅತ್ತಿಗೆಗೆ ಈ ವಿದ್ಯೆ ಹೇಳಿಕೊಟ್ಟವನು ತಾನೇ ಎಂದು ಹೇಳುತ್ತಾನೆ. ಅವಳ ಕಿವಿಗೂ ಬಿದ್ದಿದೆ. ಒಂದು ಲೆಕ್ಕಕ್ಕೆ ಅದು ಸುಳ್ಳೂ ಅಲ್ಲ ಎಂದು ಸುಮ್ಮನಿದ್ದಾಳೆ.

ಎಲ್ಲರೂ ಅವಳ ಮಾತು ಕೇಳುತ್ತಾರೆ ಎಂದೇನಿಲ್ಲ. ಮೊನ್ನೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದಿತ್ತು. ತಿಳಿನೀಲಿ ಬಣ್ಣದ ಕಾರು ನೋಡಿದ್ದರು. ಹೊಲಿಗೆಯಕ್ಕ ಹೋಗಿ, ಒಂದೂವರೆ ಗಂಟೆ ನೋಡಿ, ಹನ್ನೊಂದು ದೋಷಗಳನ್ನು ಬೆರಳು ಮಡಿಸಿ ಎಣಿಸಿದಳು. ಗಂಡ ಹೆಂಡತಿ ಇಬ್ಬರೂ ಪ್ರತಿಯೊಂದಕ್ಕೂ ಗಂಭೀರವಾಗಿ ತಲೆಯಾಡಿಸಿದರು. ಕೊನೆಗೆ ಆ ಹುಡುಗಿ ಮೆತ್ತಗೆ ಕೇಳಿದಳು, "ಆದ್ರೂ ಅಕ್ಕಾ, ಬಣ್ಣ ಚೆನ್ನಾಗಿದೆ ಅಲ್ವಾ?"

"ಚೆನ್ನಾಗಿದೆ. ಮೂರು ಸಲ ಹಚ್ಚಿದಾರಲ್ಲ, ಚೆನ್ನಾಗಿರಲೇಬೇಕು."

ಅವರು ಅವಳಿಗೆ ಕೊಡಬೇಕಾದ್ದನ್ನು ಕೊಟ್ಟು, ತುಂಬ ಉಪಕಾರವಾಯಿತು ಎಂದು ಹೇಳಿ, ಮರುದಿನವೇ ಹೋಗಿ ಆ ಕಾರನ್ನೇ ಕೊಂಡರು. ಕೊಂಡವರು ನೇರ ಅವಳ ಮನೆಗೇ ಓಡಿಸಿಕೊಂಡು ಬಂದು ಕಿಟಕಿಯ ಮುಂದೆ ನಿಲ್ಲಿಸಿ ಹಾರನ್ ಹೊಡೆದರು. ಅವಳು ಯಂತ್ರ ನಿಲ್ಲಿಸಿ ಹೊರಗೆ ಬಂದು, ಕಾರಿನ ಸುತ್ತ ಒಂದು ಸುತ್ತು ಹಾಕಿ, ಒಳ್ಳೆಯದಾಗಲಿ ಎಂದಳು. ಹೊರಡುವಾಗ 'ಕರ್ ಕರ್' ಎಂದಿತೇ ಹೊರತು ಕಾರು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಹುಡುಗನ ಮುಖ ಸಣ್ಣದಾಯಿತು. ಹುಡುಗಿ ಹೊಲಿಗೆಯಕ್ಕನ ಕಡೆ ನೋಡಲಾರದೆ ತನ್ನ ಉಂಗುರ ತಿರುಗಿಸುತ್ತ ಕೂತಳು.

ನಾನು ಹೇಳಿರಲಿಲ್ಲವೇ ಎಂಬ ಮಾತು ಹೊಲಿಗೆಯಕ್ಕನ ನಾಲಗೆಯ ತುದಿಗೆ ಬಂದಿತ್ತು. ಆ ಹುಡುಗಿಯ ಮುಖ ನೋಡಿ ಅದನ್ನು ನುಂಗಿದಳು. "ಎರಡನೇ ಗೇರಿಗೆ ಹಾಕಿ, ಕ್ಲಚ್ ಒತ್ತಿ ಹಿಡ್ಕೊಳ್ಳಪ್ಪ. ನಾನು ಹೇಳಿದಾಗ ಬಿಡು" ಎಂದು ಹುಡುಗನಿಗೆ ಹೇಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾರಿನ ಹಿಂದೆ ಹೋಗಿ ಎರಡೂ ಕೈ ಕೊಟ್ಟಳು. ಅವಳ ಗಂಡ ಮೆಟ್ಟಿಲ ಮೇಲೆ ನಿಂತು ಎಡಕ್ಕೆ, ಬಲಕ್ಕೆ ಎಂದು ಮಾರ್ಗದರ್ಶನ ಮಾಡಿದ. ಪಕ್ಕದ ಮನೆಯವರೂ ಬಂದು ಕೈ ಹಾಕಿದರು. ಬೀದಿಯ ಕೊನೆಯಲ್ಲಿ "ಬಿಡೂ!" ಎಂದು ಕೂಗಿದಳು. ಕಾರು ಎರಡು ಸಲ ಕೆಮ್ಮಿ, ಒಮ್ಮೆ ಜಿಗಿದು, ಹೊಗೆ ಕಾರುತ್ತ ಹೊರಟಿತು.

"ನೋಡಿದ್ರಾ ಅಕ್ಕಾ, ಹೊರಟೇ ಬಿಡ್ತು!" ಹುಡುಗಿ ಕಿಟಕಿಯಿಂದ ಅರ್ಧ ಹೊರಗೆ ಬಂದು ಕೈ ಬೀಸುತ್ತಿದ್ದಳು. ಎಷ್ಟು ಖುಷಿಯಾಗಿತ್ತೆಂದರೆ, ಕಾರನ್ನು ಹೊಚ್ಚ ಹೊಸದಾಗಿ ತಾನೇ ತಯಾರಿಸಿದವಳ ಹಾಗಿದ್ದಳು.

ಹೊಲಿಗೆಯಕ್ಕ ಏದುಸಿರು ಬಿಡುತ್ತ ಅವಳಿಗೆ ಕೈ ಬೀಸಿ, ಹೊಗೆ ತಿಳಿಯಾಗುವವರೆಗೆ ನಿಂತಿದ್ದು ಒಳಗೆ ಹೋದಳು. ನಲವತ್ತು ಅಂಗಿಗಳಿಗೆ ಕಾಲರ್ ಕೂರಿಸುವುದು ಇನ್ನೂ ಬಾಕಿ ಇತ್ತು.